ಕೃಷ್ಣಾತೀರದ ಬೆಲ್ಲದ ಒಲೆಯೂ ವಿದ್ಯುಚ್ಛಕ್ತಿಯೂ

ತರ್ಕಶಾಸ್ತ್ರವನ್ನು ಕಲಿಯಹೊರಟ ಬಾಲಕನಿಗೆ ಗುರುಗಳು ಮೊಟ್ಟಮೊದಲು ಹೇಳಿಕೊಡುವ ದೃಷ್ಟಾಂತವು ಹೊಗೆ-ಬೆಂಕಿಗಳದು. ಪರ್ವತದ ಮೇಲೆ ಹೊಗೆಯನ್ನು ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬಹುದು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವದೆಂದು ಹೇಳಲು ಬಾರದು. ಯಾಕಂದರೆ ಚೆನ್ನಾಗಿ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಗೆ ಬೆಂಕಿಯೊಂದೇ ಕಾರಣವಲ್ಲ, ಹಸಿಯ ಕಟ್ಟಿಗೆಯ ಸಂಯೋಗವೂ ಬೇಕೆಂದು ನೈಯಾಯಿಕರು ನಿರ್ಣಯಿಸಿದರು. ನಮ್ಮ ಪೂರ್ವಿಕರು ವಾದಕ್ಕಾಗಿ ತೆಗೆದುಕೊಂಡ ಈ ಅಯೋಗೋಲಕವು ಇಂದು ಕೈಗಾರಿಕೆಯ ಜಗತ್ತಿನಲ್ಲಿ ಒಂದು ದೊಡ್ಡ ಪ್ರಶ್ನೆಯಾಗಿ ನಿಂತಿದೆ. ಕಟ್ಟಿಗೆ, ಕಲ್ಲಿದ್ದಲು, ಎಣ್ಣೆಗಳನ್ನು ಸುಡದೆ, ವಿದ್ಯುಚ್ಛಕ್ತಿಯಿಂದಲೇ ಕಾಸಬೇಕಾದುದನ್ನು ಕಾಸಿ, ಕುದಿಸಬೇಕಾದುದನ್ನು ಕುದಿಸುವದು ಸಾಧ್ಯವೇ? ಸಾಧ್ಯವಿದ್ದರೆ ಇಷ್ಟು ದಿನ ಯಾಕೆ ಆಗಲಿಲ್ಲ? ಈ ಪ್ರಶ್ನೆಯನ್ನು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಅನ್ವಯಿಸಿ, ಅದರ ಚರಿತ್ರೆಯನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವಾಗಿದೆ.

ಈ ಐದು ತಾಲೂಕುಗಳು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದ ನಾಡು. ಹಿಂದೆ ಇವೆಲ್ಲ ಒಂದೇ ಆಳ್ವಿಕೆಯಲ್ಲಿರಲಿಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು ೧೯೪೯ರ ವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ೧೯೫೬ರಲ್ಲಿ ಯಾವತ್ತೂ ಸೀಮೆಯು ಕನ್ನಡ ರಾಜ್ಯಕ್ಕೆ ಬಂದಿತು. ಆಳುವವರು ಬೇರೆಯಾದರೂ ಹೊಲದಲ್ಲಿ ಬೆಳೆಯುವ ಕಬ್ಬು ಒಂದೇ, ಅದನ್ನು ಕಾಸುವ ಒಲೆಯೂ ಒಂದೇ ಆಗಿತ್ತು.

ಕಬ್ಬಿನ ಹಾಲನ್ನು ಕಾಸಿ ಗಟ್ಟಿಮಾಡುವ ವಿದ್ಯೆಯು ಭರತಖಂಡದಲ್ಲಿ ಅತಿ ಪ್ರಾಚೀನವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಫಾಣಿತ, ಗುಡ, ಮತ್ಸ್ಯಂಡಿಕೆ, ಖಂಡ, ಶರ್ಕರೆಯೆಂದು ಐದು ಪದಾರ್ಥಗಳ ಎಣಿಕೆಯಿದೆ. ಇವು ಐದೂ ಕಬ್ಬಿನ ಹಾಲಿನಿಂದಲೇ ಹುಟ್ಟಿದವು. ಒಂದರಿಂದೊಂದಕ್ಕೆ ಬೇಧವು ನೀರನ್ನು ಎಷ್ಟು ಕಳೆದರು, ಮಲವನ್ನು ಎಷ್ಟು ತೆಗೆದರು ಎಂಬದರಲ್ಲಿದೆ. ನಮ್ಮ ಊರುಗಳ ಗಾಣದ ಮನೆಯಲ್ಲಿ ನಡೆಯುವ ಕ್ರಮವೂ ಇದೇ. ಹಾಲನ್ನು ಕೊಪ್ಪರಿಗೆಗೆ ಸುರಿದು, ಸುಣ್ಣದ ನೀರನ್ನೂ ಬೆಂಡೆಯ ಗಿಡದ ಲೋಳೆಯನ್ನೂ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆಯುತ್ತ ಕುದಿಸುತ್ತಾರೆ. ಮೊದಲು ಉರಿ ಮಂದವಾಗಿರಬೇಕು. ಮಡ್ಡಿ ಹೋದ ಮೇಲೆ ಜೋರಾಗಬೇಕು. ಪಾಕವು ಏರುತ್ತ ಬಂದಂತೆ ಮತ್ತೆ ಇಳಿಯಬೇಕು. ಪಾಕದ ಶಾಖವು ಸುಮಾರು ೧೧೮ ಅಂಶಕ್ಕೆ ಮುಟ್ಟಿದಾಗ ಕೊಪ್ಪರಿಗೆಯನ್ನು ಇಳಿಸುವರು. ಆದರೆ ಹದವನ್ನು ಅರಿತವನು ಶಾಖಮಾಪಕವನ್ನು ನೋಡುವದಿಲ್ಲ. ತಣ್ಣೀರಿನಲ್ಲಿ ಒಂದು ಹನಿ ಪಾಕವನ್ನು ಬಿಟ್ಟು ಬೆರಳಿನಿಂದ ಉಂಡೆಕಟ್ಟಿ ನೋಡುವನು. ಸ್ಥಾಲೀಪುಲಾಕ ನ್ಯಾಯವೆಂದರೆ ಇದೇ: ಒಂದು ಅಗುಳಿನಿಂದ ಮಡಿಕೆಯ ಅನ್ನವೆಲ್ಲ ಬೆಂದಿತೋ ಇಲ್ಲವೋ ತಿಳಿಯುವದು.

ಈ ಕೆಲಸದಲ್ಲಿ ಎರಡು ಭಾಗಗಳುಂಟು. ಕಬ್ಬನ್ನು ಅರೆಯುವದು ಚಲನೆಯ ಕೆಲಸ. ಹಾಲನ್ನು ಕಾಸುವದು ಶಾಖದ ಕೆಲಸ. ಕಳೆದ ನೂರೈವತ್ತು ವರ್ಷಗಳಲ್ಲಿ ಚಲನೆಯ ಭಾಗವು ಮೂರು ನಾಲ್ಕು ಸಾರೆ ರೂಪಾಂತರ ಹೊಂದಿತು. ಶಾಖದ ಭಾಗವು ಮಾತ್ರ ಇದ್ದಲ್ಲಿಯೇ ಇದೆ. ಈ ವ್ಯತ್ಯಾಸವು ವಿಚಾರಕ್ಕೆ ಯೋಗ್ಯವಾದದ್ದು.

ಮೊದಲು ನಮ್ಮ ಗಾಣಗಳು ಕಟ್ಟಿಗೆಯವು. ೧೮೭೦ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಕಬ್ಬಿಣದ ಉರುಳೆಗಳ ಗಾಣವನ್ನು ಇಂಗ್ಲಿಷ ಜಮೀನುದಾರರು ಪ್ರಚಾರಕ್ಕೆ ತಂದರು. ಅದು ಕ್ರಮೇಣ ದೇಶದಲ್ಲೆಲ್ಲ ಹಬ್ಬಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೧೦ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿ, ಕಬ್ಬಿಣದ ನೇಗಿಲುಗಳ ಜೊತೆಗೆ ಕಬ್ಬಿನ ಗಾಣಗಳನ್ನೂ ಎರಕಹೊಯ್ಯಿಸಿದರು. ಮುಂದೆ ಅದೇ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಎಣ್ಣೆಯ ಇಂಜಿನುಗಳ ಕಾರಖಾನೆಯನ್ನೂ ಬೆಂಗಳೂರಿನಲ್ಲಿ ವಿದ್ಯುತ್ ಮೋಟರುಗಳ ಕಾರಖಾನೆಯನ್ನೂ ತೆರೆದರು. ಎತ್ತಿನಿಂದ ಇಂಜಿನಿಗೆ, ಇಂಜಿನಿನಿಂದ ಮೋಟರಿಗೆ ಗಾಣವು ಸಾಗಿದ ದಾರಿಯು ಒಂದೇ ಮನೆತನದ ಚರಿತ್ರೆಯಲ್ಲಿ ಹೀಗೆ ಕಾಣಬರುತ್ತದೆ. ಆದರೆ ನೇಗಿಲು, ಗಾಣ, ಇಂಜಿನು, ಮೋಟರು, ಇವೆಲ್ಲ ಚಲನೆಯ ಸಾಧನಗಳೆಂಬದನ್ನು ಮರೆಯಬಾರದು.

ಜಲದ ಶಕ್ತಿಯೂ ನಮ್ಮ ಜಿಲ್ಲೆಗೆ ಬಂದದ್ದು ಚಲನೆಗಾಗಿಯೇ. ೧೮೮೭ರಲ್ಲಿ ಗೋಕಾಕ ಜಲಪಾತದ ನೀರು ನೂಲಿನ ಗಿರಣಿಯ ಕದಿರುಗಳನ್ನು ತಿರುಗಿಸತೊಡಗಿತು. ಮೈಸೂರು ಸೀಮೆಯಲ್ಲಿ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದೂ ಮುಖ್ಯವಾಗಿ ಯಂತ್ರಗಳನ್ನು ತಿರುಗಿಸುವದಕ್ಕೆ. ೧೯೬೦ರ ದಶಕದಲ್ಲಿ ಅತ್ತ ಕೊಯ್ನೆ, ಇತ್ತ ಶರಾವತಿ, ಎರಡೂ ಬೆಳಕು ಕೊಟ್ಟ ಮೇಲೆ ಹಳ್ಳಿಹಳ್ಳಿಗೆ ತಂತಿ ಬಂದಿತು. ಬಾವಿಯ ಮೇಲಿನ ಮೊಟ್ಟೆ ಹೋಗಿ ಪಂಪು ಬಂದಿತು. ಗಾಣಕ್ಕೆ ಮೋಟರು ಬಂದಿತು. ಆದರೆ ಅದೇ ಗಾಣದಿಂದ ನಾಲ್ಕು ಹೆಜ್ಜೆಯ ಮೇಲಿದ್ದ ಒಲೆಗೆ ತಂತಿ ಹೋಗಲಿಲ್ಲ.

ಯಾಕೆ ಹೋಗಲಿಲ್ಲ? ನಮ್ಮ ಒಕ್ಕಲಿಗರ ಅಜ್ಞಾನವೇ ಕಾರಣವೆಂದು ಹೇಳುವದು ಸುಲಭ. ಆದರೆ ಅದು ಅನ್ಯಾಯವಾದೀತು. ಲೆಕ್ಕವನ್ನು ಹಾಕಿ ನೋಡೋಣ. ಒಂದು ಟನ್ನು ಕಬ್ಬಿನಿಂದ ಹಳ್ಳಿಯ ಗಾಣದಲ್ಲಿ ಸುಮಾರು ೬೫೦ ಕಿಲೋ ಹಾಲು ಬರುವದು; ಅದರಿಂದ ಸುಮಾರು ೧೦೦ ಕಿಲೋ ಬೆಲ್ಲವಾಗುವದು. ಉಳಿದ ೫೫೦ ಕಿಲೋ ನೀರನ್ನು ಆವಿಯಾಗಿ ಹಾರಿಸಬೇಕು. ಕುದಿಯುವ ನೀರಿನ ಒಂದು ಕಿಲೋವನ್ನು ಆವಿಮಾಡಲು ಹೆಚ್ಚುಕಡಿಮೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ, ಅಂದರೆ ೦.೬೩ ಯೂನಿಟ್ಟಿನಷ್ಟು ಶಾಖ ಬೇಕು. ಹಾಲನ್ನು ಕುದಿಯುವ ಮಟ್ಟಕ್ಕೆ ತರುವದನ್ನೂ ಕೂಡಿಸಿದರೆ ಒಟ್ಟು ಸುಮಾರು ೪೦೦ ಯೂನಿಟ್ಟಾಗುತ್ತದೆ. ಅಂದರೆ ಕಿಲೋ ಬೆಲ್ಲಕ್ಕೆ ೪ ಯೂನಿಟ್ಟು. ಯೂನಿಟ್ಟಿಗೆ ೭ ರೂಪಾಯಿ ಎಂದು ಹಿಡಿದರೆ ಕಿಲೋ ಬೆಲ್ಲದ ಮೇಲೆ ಬರಿಯ ಕಾವಿನ ಖರ್ಚೇ ೨೮ ರೂಪಾಯಿ! ಅದೇ ಕೆಲಸವನ್ನು ಒಕ್ಕಲಿಗನು, ಅರೆದು ಬಿಸಿಲಿಗೆ ಒಣಗಿಸಿದ ಕಬ್ಬಿನ ಸಿಪ್ಪೆಯಿಂದಲೂ ರವದಿಯಿಂದಲೂ, ಕಾಸು ಬಿಚ್ಚದೆ ಮಾಡುತ್ತಾನೆ. ಕಬ್ಬು ತನ್ನ ಉರುವಲನ್ನು ತಾನೇ ಹೊತ್ತುಕೊಂಡು ಬರುವ ಬೆಳೆ. ಮನೆಯಲ್ಲಿಯೇ ಉರುವಲು ಬಿದ್ದಿರುವಾಗ ತಂತಿಯ ಬಾಡಿಗೆಯನ್ನು ಕೊಡುವವನು ಯಾರು?

ಇದು ಮೊದಲನೆಯ ಅಡ್ಡಿ. ಎರಡನೆಯದು ಕಾಲದ್ದು. ಕೊಪ್ಪರಿಗೆಯ ಹಾಲು ಕಾಯುವ ಹೊತ್ತಿಗೆ ತಂತಿಯಲ್ಲಿ ಪ್ರವಾಹವಿರಬೇಕು. ನಮ್ಮ ಹೊಲಗಳಿಗೆ ಮೂರು ತಂತಿಯ ವಿದ್ಯುತ್ತು ದಿನಕ್ಕೆ ಕೆಲವೇ ತಾಸು ಸರದಿಯಂತೆ ಬರುವ ರೂಢಿ. ಪಂಪು ಅರ್ಧದಲ್ಲಿ ನಿಂತರೆ ನೀರು ನಾಳೆ ಹರಿಯುತ್ತದೆ. ಪಾಕವು ಅರ್ಧದಲ್ಲಿ ನಿಂತರೆ ಹುಳಿತು ಕಪ್ಪಾಗಿ ಕೈಬಿಟ್ಟು ಹೋಗುತ್ತದೆ. ಮೂರನೆಯದು ಋತುವಿನದು. ಗಾಣವು ನಡೆಯುವದು ವರ್ಷದಲ್ಲಿ ನಾಲ್ಕೈದು ತಿಂಗಳು. ಬೆಲೆಬಾಳುವ ಯಂತ್ರವು ಉಳಿದ ದಿನ ತುಕ್ಕುಹಿಡಿಯುತ್ತ ಬಿದ್ದಿದ್ದರೂ ಸಾಲದ ಬಡ್ಡಿಯು ಮಾತ್ರ ಮಳೆಗಾಲದಲ್ಲಿಯೂ ಬೆಳೆಯುವದು. ನಾಲ್ಕನೆಯದು ಕೈಯ ಹದದ್ದು. ಉರಿಯನ್ನು ಕಣ್ಣಿನಿಂದ ನೋಡಿ ಏರಿಸಿ ಇಳಿಸಿ ಬಲ್ಲವನಿಗೆ, ಕಾಣದ ಕಾವನ್ನು ನಂಬುವದು ಕಷ್ಟ.

ಇಂತಹ ಅಡ್ಡಿಗಳು ಹಳ್ಳಿಯ ಒಲೆಗೆ ಮಾತ್ರವೆಂದು ತಿಳಿಯಬಾರದು. ೧೯೩೯ರಲ್ಲಿ, ಈಗ ಕಾಗವಾಡ ತಾಲೂಕಿಗೆ ಸೇರಿದ ಉಗಾರದಲ್ಲಿ, ಶಿರಗಾಂವಕರ ಮನೆತನದವರು ಸಕ್ಕರೆಯ ಕಾರಖಾನೆಯನ್ನು ಸ್ಥಾಪಿಸಿದರು. ಮುಂದೆ ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ರಾಯಬಾಗ, ಅಥಣಿಗಳ ಸಹಕಾರಿ ಕಾರಖಾನೆಗಳು ತಲೆಯೆತ್ತಿದವು. ಅಲ್ಲಿಯ ವಿದ್ಯೆಯು ಬೇರೆ. ೧೮೧೩ರ ಸುಮಾರಿಗೆ ಇಂಗ್ಲಂಡಿನ ಹಾವರ್ಡನು, ಗಾಳಿಯನ್ನು ಹೊರಗೆಳೆದ ಮುಚ್ಚಿದ ಪಾತ್ರೆಯಲ್ಲಿ ಪಾಕವು ಕಡಿಮೆ ಶಾಖದಲ್ಲಿಯೇ ಕುದಿಯುವದೆಂದು ತೋರಿಸಿಕೊಟ್ಟನು. ೧೮೪೩ರಲ್ಲಿ ಅಮೇರಿಕೆಯ ನಾರ್ಬರ್ಟ ರಿಲ್ಯೂ ಎಂಬವನು ಇನ್ನೊಂದು ಹೆಜ್ಜೆ ಮುಂದಿಟ್ಟನು. ಗುಲಾಮಗಿರಿಯಿದ್ದ ನಾಡಿನಲ್ಲಿ ಕರಿಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಓದಿದ ಮಹಾನುಭಾವನೀತ. ಮೊದಲ ಪಾತ್ರೆಯಿಂದೆದ್ದ ಆವಿಯನ್ನು ಗಾಳಿಗೆ ಬಿಡದೆ, ಅದರಿಂದಲೇ ಎರಡನೆಯದನ್ನು, ಎರಡನೆಯದರ ಆವಿಯಿಂದ ಮೂರನೆಯದನ್ನು ಕುದಿಸುವ ಸಾಲುಪಾತ್ರೆಗಳು ಈತನ ಕಲ್ಪನೆ. ಒಂದು ಕಿಲೋ ಉಗಿಯಿಂದ ನಾಲ್ಕೈದು ಕಿಲೋ ನೀರನ್ನು ಹಾರಿಸಬಹುದೆಂದಾಯಿತು.

ಇಷ್ಟು ಮಿತವ್ಯಯವಿದ್ದರೂ ಕಾರಖಾನೆಯ ಮೂಲವು ಕಬ್ಬಿನ ಸಿಪ್ಪೆಯ ಬೆಂಕಿಯೇ. ನೂರು ಟನ್ನು ಕಬ್ಬಿಗೆ ಮೂವತ್ತರ ಸಮೀಪ ಒದ್ದೆಯ ಸಿಪ್ಪೆ ಉಳಿಯುವದು. ಅದು ಕಾರಖಾನೆಯ ಅಗತ್ಯಕ್ಕೆ ಸಾಕಾಗಿ ಮಿಗುವದು. ಮಿಕ್ಕುದರಿಂದ ವಿದ್ಯುಚ್ಛಕ್ತಿಯನ್ನು ಮಾಡಿ ಸರಕಾರದ ತಂತಿಗೆ ಮಾರುವ ವ್ಯವಸ್ಥೆಯು ಈಚಿನ ಮೂರು ದಶಕಗಳಲ್ಲಿ ರೂಢಿಗೆ ಬಂದಿದೆ. ಎಂದಮೇಲೆ ನಮ್ಮ ಸೀಮೆಯಲ್ಲಿ ನಡೆದದ್ದು ವಿದ್ಯುತ್ತಿನಿಂದ ಕಾವಲ್ಲ, ಕಾವಿನಿಂದ ವಿದ್ಯುತ್ತು. ಗಂಗೆಯು ಗೋಮುಖದ ಕಡೆಗೆ ಹರಿದಂತೆ. ನಿಪ್ಪಾಣಿಯ ತಂಬಾಕಿನ ಕಥೆಯು ಇನ್ನೂ ಸರಳ: ಬೀಡಿಯ ತಂಬಾಕನ್ನು ಬಿಸಿಲಿಗೆ ಒಣಗಿಸುವರಾದ್ದರಿಂದ, ಮೈಸೂರಿನ ಹುಣಸೂರು, ಪಿರಿಯಾಪಟ್ಟಣಗಳ ತಂಬಾಕಿನಂತೆ ಅದಕ್ಕೆ ಕಟ್ಟಿಗೆಯ ಭಟ್ಟಿ ಬೇಕಿಲ್ಲ. ಸೂರ್ಯನಾರಾಯಣನೇ ಅಲ್ಲಿಯ ಒಲೆ.

ಹಾಗಾದರೆ ಕನ್ನಡ ನಾಡಿನಲ್ಲಿ ಬೆಂಕಿಯ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸಿದ ಉದಾಹರಣೆಯೇ ಇಲ್ಲವೇ? ಇದೆ, ಅದು ಭದ್ರಾವತಿಯಲ್ಲಿದೆ. ಅಲ್ಲಿಯ ಕಬ್ಬಿಣದ ಕಾರಖಾನೆಯು ೧೯೨೩ರಲ್ಲಿ ಕಟ್ಟಿಗೆಯ ಇದ್ದಲಿನಿಂದ ಅದಿರನ್ನು ಕರಗಿಸತೊಡಗಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತಮಂಡಲಿಯ ಅಧ್ಯಕ್ಷರಾದರು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಮಲೆನಾಡಿನ ಅಡವಿಯೇ ಇದ್ದಲಾಗಬೇಕಾಯಿತು. ೧೯೪೦ರ ದಶಕದ ಕೊನೆಗೆ ಜೋಗದಲ್ಲಿ ವಿದ್ಯುಚ್ಛಕ್ತಿಯು ಹುಟ್ಟಿದ ಮೇಲೆ, ನಾರ್ವೆ ದೇಶದ ಟೀಸ್ಲಾಂಡ, ಹೋಲ ಎಂಬ ಇಂಜಿನಿಯರರ ಹೆಸರಿನ ವಿದ್ಯುತ್ ಕುಲುಮೆಗಳನ್ನು ೧೯೫೦ರ ದಶಕದ ಆರಂಭದಲ್ಲಿ ಭದ್ರಾವತಿಯಲ್ಲಿ ನಿಲ್ಲಿಸಿದರು. ನಾರ್ವೆಯೂ ಜಲಪಾತಗಳ ನಾಡು. ಆ ಕುಲುಮೆಯಲ್ಲಿ ಕಾವನ್ನು ವಿದ್ಯುತ್ತು ಕೊಡುವದು. ಇದ್ದಲು ಅದಿರಿನೊಳಗಿನ ಪ್ರಾಣವಾಯುವನ್ನು ಎಳೆದುಕೊಳ್ಳುವಷ್ಟಕ್ಕೆ ಮಾತ್ರ ಸಾಕು. ಅಡವಿಯ ಮೇಲಿನ ಭಾರವು ಹೀಗೆ ಇಳಿಯಿತು. ವಿದ್ಯೆಯ ದೃಷ್ಟಿಯಿಂದ ಇದು ನಿಸ್ಸಂಶಯವಾದ ಜಯ.

ಆದರೆ ಆ ಜಯವು ಚಿರಕಾಲ ನಿಲ್ಲಲಿಲ್ಲ. ಪಂಪಿಗೂ ಪಟ್ಟಣಕ್ಕೂ ವಿದ್ಯುತ್ತಿನ ಬೇಡಿಕೆ ಏರಿ, ಅದರ ಬೆಲೆಯೂ ಏರಿದಾಗ, ೧೯೯೦ರ ದಶಕದಲ್ಲಿ ಭದ್ರಾವತಿಯು ಊದುಕುಲುಮೆಯ ಕಡೆಗೆ ಮರಳಿತು. ನಮ್ಮ ಬೆಳಗಾವಿಯಲ್ಲಿಯೂ ಇಂಥದೇ ಸಂಗತಿ ನಡೆದಿದೆ. ೧೯೬೯ರ ಸುಮಾರಿಗೆ ಅಲ್ಲಿ ಆರಂಭವಾದ ಅಲ್ಯೂಮಿನಿಯಮ್ ಕಾರಖಾನೆಯಲ್ಲಿ ವಿದ್ಯುತ್ತಿನಿಂದ ಲೋಹವನ್ನು ತೆಗೆಯುವ ವಿಭಾಗವು ವಿದ್ಯುತ್ತು ದುರ್ಲಭವೂ ದುಬಾರಿಯೂ ಆದ ಮೇಲೆ ನಿಂತುಹೋಯಿತು. ಉಗಿಯಿಂದ ಅದಿರನ್ನು ಶೋಧಿಸುವ ವಿಭಾಗವು ಉಳಿದುಕೊಂಡಿತು. ಈ ಎರಡು ಉದಾಹರಣೆಗಳಿಂದ ಕಲಿಯತಕ್ಕದ್ದು ಒಂದಿದೆ: ಯಂತ್ರವನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಅಡ್ಡಿಯನ್ನು ದಾಟಿದಂತಾಗುವದಿಲ್ಲ. ವಿದ್ಯುತ್ತು ಇಪ್ಪತ್ತು ಮೂವತ್ತು ವರ್ಷ ನಂಬಬಹುದಾದ ದರದಲ್ಲಿ, ನಂಬಬಹುದಾದ ಹೊತ್ತಿನಲ್ಲಿ ಸಿಗುವದೆಂಬ ಕರಾರು ಇಲ್ಲದಿದ್ದರೆ, ಗೆದ್ದ ಕೋಟೆಯನ್ನೂ ಬಿಟ್ಟು ಹಿಂದಿರುಗಬೇಕಾಗುವದು.

ಇನ್ನು ಹೊರಗಿನ ದೇಶಗಳ ಕಡೆಗೆ ಸ್ವಲ್ಪ ನೋಡೋಣ. ಎರಡನೆಯ ಮಹಾಯುದ್ಧದ ಕಾಲಕ್ಕೆ ಕಲ್ಲಿದ್ದಲು ಸಿಗದೆ ಸ್ವಿಟ್ಜರ್ಲಂಡಿನವರು ೧೯೪೨-೪೩ರಲ್ಲಿ ಎರಡು ಉಗಿಬಂಡಿಗಳ ನೆತ್ತಿಗೆ ತಂತಿಯನ್ನು ಮುಟ್ಟುವ ಚೌಕಟ್ಟನ್ನು ಕಟ್ಟಿ, ಬಾಯ್ಲರಿನ ನೀರನ್ನು ವಿದ್ಯುತ್ತಿನಿಂದಲೇ ಕುದಿಸಿ ಓಡಿಸಿದರು. ಇದು ಆಪತ್ಕಾಲದ ಧರ್ಮ, ಉಳಿತಾಯದ ಮಾರ್ಗವಲ್ಲ. ಅದಕ್ಕಿಂತ ಸೂಕ್ಷ್ಮವಾದ ಉಪಾಯವನ್ನು ಉಪ್ಪಿನವರು ಮೊದಲೇ ಕಂಡುಹಿಡಿದಿದ್ದರು. ೧೮೫೦ರ ದಶಕದಲ್ಲಿ ಆಸ್ಟ್ರಿಯದ ಏಬೆನ್ಸೇ ಎಂಬಲ್ಲಿ ರಿಟ್ಟಿಂಗರ ಎಂಬ ಇಂಜಿನಿಯರನು, ಉಪ್ಪುನೀರಿನಿಂದೆದ್ದ ಆವಿಯನ್ನು ಜಲಶಕ್ತಿಯಿಂದ ಒತ್ತಿ, ಅದರ ಶಾಖವನ್ನು ಏರಿಸಿ, ಅದೇ ನೀರನ್ನು ಕುದಿಸುವದಕ್ಕೆ ಮತ್ತೆ ಕೊಟ್ಟನು. ಉಪ್ಪು ಕೊಳವೆಗಳಿಗೆ ಅಂಟಿ ಅವನ ಪ್ರಯತ್ನವು ಪೂರ್ಣ ಫಲಿಸಲಿಲ್ಲ. ೧೮೭೭ರ ಸುಮಾರಿಗೆ ಸ್ವಿಟ್ಜರ್ಲಂಡಿನ ಬೇ ಎಂಬ ಊರಿನ ಉಪ್ಪಿನ ಕಾರಖಾನೆಯಲ್ಲಿ ಪಾಲ್ ಪಿಕ್ಕಾರನು ಅದನ್ನು ಸಾಧಿಸಿದನು. ಈ ಉಪಾಯದ ತಿರುಳು ಇಷ್ಟೇ: ಹಾರಿಹೋಗುವ ಆವಿಯಲ್ಲಿ ನಾವು ಕೊಟ್ಟ ಕಾವೆಲ್ಲ ಇದ್ದೇ ಇದೆ; ಅದನ್ನು ಸ್ವಲ್ಪ ಒತ್ತಿ ಬಿಸಿಯನ್ನು ಏರಿಸಿದರೆ ಮತ್ತೆ ಉಪಯೋಗಕ್ಕೆ ಬರುವದು. ಆಗ ಬೇಕಾಗುವ ವಿದ್ಯುತ್ತು ನೇರವಾಗಿ ಕಾಸುವದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ.

ನಮ್ಮ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಬೇಕು. ಪಾಕವು ಗಟ್ಟಿಯಾದಂತೆ ಅದು ಕುದಿಯುವ ಶಾಖವು ಏರುವದರಿಂದ ಕೊನೆಯ ಹಂತಕ್ಕೆ ಈ ಉಪಾಯವು ಒಗ್ಗದು. ಆದರೆ ಹಾಲಿನಲ್ಲಿ ನೂರಕ್ಕೆ ಅರವತ್ತು ಪಾಲು ಗಟ್ಟಿ ಸತ್ವವಾಗುವ ವರೆಗೆ ಮಾತ್ರ ಯಂತ್ರದಿಂದ ನೀರು ಕಳೆದರೆಂದು ಭಾವಿಸೋಣ. ಆಗಲೇ ೫೫೦ ಕಿಲೋ ನೀರಿನಲ್ಲಿ ಸುಮಾರು ೪೯೦ ಕಿಲೋ ಹೋಗಿರುತ್ತದೆ. ಕೊಪ್ಪರಿಗೆಗೂ ಹದಗಾರನ ಕೈಗೂ ಉಳಿಯುವದು ಸುಮಾರು ಹತ್ತನೆಯ ಒಂದು ಪಾಲು. ಆದರೆ ಬಣ್ಣ, ರುಚಿ, ಕಣ, ಇವೆಲ್ಲ ನಿರ್ಣಯವಾಗುವದು ಆ ಒಂದು ಪಾಲಿನಲ್ಲಿಯೇ. ಒಂಬತ್ತು ಪಾಲು ಕತ್ತೆಯ ದುಡಿಮೆ, ಒಂದು ಪಾಲು ವಿದ್ಯೆ. ಕತ್ತೆಯ ದುಡಿಮೆಯನ್ನು ಯಂತ್ರಕ್ಕೆ ಬಿಟ್ಟು, ವಿದ್ಯೆಯನ್ನು ಮನುಷ್ಯನಿಗೆ ಉಳಿಸುವದು ಸಾಧ್ಯವಿದೆ. ಮುಂಬಯಿಯ ಐ.ಐ.ಟಿ.ಯ ಪಂಡಿತರು ೨೦೦೫ರಲ್ಲಿ ಇನ್ನೊಂದು ದಾರಿಯನ್ನೂ ಪ್ರಕಟಿಸಿದರು: ಕಬ್ಬಿನ ಹಾಲನ್ನು ತಣಿಸಿ, ನೀರನ್ನು ಮಂಜುಗಡ್ಡೆಯಾಗಿ ಬೇರ್ಪಡಿಸಿ, ಗಟ್ಟಿಯಾದ ಹಾಲನ್ನಷ್ಟೇ ಒಲೆಗೆ ಏರಿಸುವದು.

ಇಲ್ಲಿ ವಾಚಕರು ಕೇಳಬಹುದು: ಸಿಪ್ಪೆಯು ಪುಕ್ಕಟೆ ಸಿಗುವಾಗ ಇಷ್ಟೆಲ್ಲ ಶ್ರಮವೇಕೆ? ಸಿಪ್ಪೆಯು ಪುಕ್ಕಟೆಯೆಂಬುದೇ ಪರೀಕ್ಷಿಸಬೇಕಾದ ಮಾತು. ತಮಿಳುನಾಡಿನ ಕರೂರು ಸೀಮೆಯ ಸರಕಾರಿ ಕಾಗದದ ಕಾರಖಾನೆಯು ೧೯೮೦ರ ದಶಕದಿಂದ ಸಿಪ್ಪೆಯಿಂದಲೇ ಕಾಗದವನ್ನು ಮಾಡುತ್ತಿದೆ. ಅದಕ್ಕೆ ಬದಲಾಗಿ ಸಕ್ಕರೆಯ ಕಾರಖಾನೆಗಳಿಗೆ ಬೇರೆ ಉರುವಲನ್ನು ಒದಗಿಸಿಕೊಟ್ಟಿತು. ಸುಟ್ಟರೆ ಬೂದಿಯಾಗುವದು ಸುಡದಿದ್ದರೆ ಕಾಗದವಾಗುವದು. ರವದಿಯು ನೆಲಕ್ಕೆ ಹೊದಿಕೆಯಾಗಿ ಗೊಬ್ಬರವಾಗುವದು. ಬೆಲೆಯಿಲ್ಲದ ವಸ್ತುವೆಂದು ಸುಡುತ್ತಿರುವ ವರೆಗೆ ಅದರ ಬೆಲೆ ತಿಳಿಯದು. ಇನ್ನು ಒಲೆಯ ಬಾಯಿಯ ಮುಂದೆ ಕುಳಿತು ಹಗಲಿರುಳು ಸಿಪ್ಪೆಯನ್ನು ತುಂಬುವವನ ಕಣ್ಣು, ಎದೆಗಳ ಬೆಲೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿರುವದಿಲ್ಲ. ಆರ್ದ್ರೇಂಧನದ ಹೊಗೆಯು ತಾರ್ಕಿಕನಿಗೆ ಹೇತುವಾದರೆ ಅವನಿಗೆ ರೋಗವಾಗಿದೆ.

ಆದಕಾರಣ ಅಡ್ಡಿಗಳನ್ನು ಒಂದೊಂದಾಗಿ ಬಿಡಿಸಬೇಕು. ಒಮ್ಮೆಲೇ ಒಲೆಯನ್ನು ಕೆಡವಬಾರದು. ಮೊದಲು ವಿದ್ಯುತ್ತಿನ ದರ, ಹೊತ್ತುಗಳ ಬಗ್ಗೆ ಬಹುಕಾಲದ ಕರಾರು ಬೇಕು. ಭದ್ರಾವತಿಯ ಪಾಠವು ಅದೇ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ; ಬಿಸಿಲಿನಿಂದ ಹುಟ್ಟುವ ವಿದ್ಯುತ್ತು ಹಗಲಿನಲ್ಲಿ ಹೇರಳವಾಗಿ ದೊರೆಯುವದು, ಕಬ್ಬು ಅರೆಯುವ ಋತುವೂ ಮೋಡವಿಲ್ಲದ ಕಾಲ. ಹಗಲಿನಲ್ಲಿ ನೀರನ್ನು ಕಳೆದು ಗಟ್ಟಿಹಾಲನ್ನು ಮಾಡಿಟ್ಟುಕೊಂಡರೆ ಸರದಿಯ ಅಡ್ಡಿಯೂ ಸಡಿಲಾಗುವದು. ಎರಡನೆಯದಾಗಿ, ಒಬ್ಬನಿಗೆ ಒಂದು ಯಂತ್ರವೆಂಬದು ಆಗದ ಮಾತು. ಹತ್ತಾರು ಗಾಣದವರು ಕೂಡಿ ಒಂದು ಯಂತ್ರವನ್ನಿಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಅದೇ ಯಂತ್ರವು ಟೊಮೇಟೊ, ಹಣ್ಣುಗಳ ರಸವನ್ನು ಗಟ್ಟಿಮಾಡುವಂತಿರಬೇಕು. ಸಹಕಾರಿ ಸಕ್ಕರೆ ಕಾರಖಾನೆಗಳನ್ನು ಕಟ್ಟಿದ ನಾಡಿಗೆ ಇದು ಹೊಸ ಪಾಠವಲ್ಲ. ಮೂರನೆಯದಾಗಿ, ಕಾರಖಾನೆಗಳು ರಿಲ್ಯೂನ ಸಾಲುಪಾತ್ರೆಗಳಿಗೆ ಆವಿಯನ್ನು ಒತ್ತುವ ಯಂತ್ರವನ್ನು ಜೋಡಿಸಿ, ಉಳಿದ ಸಿಪ್ಪೆಯನ್ನು ಕಾಗದಕ್ಕೋ ಮಳೆಗಾಲದ ವಿದ್ಯುತ್ತಿಗೋ ಕಾಯ್ದಿರಿಸುವದು ಲಾಭವೇ ಎಂದು ಲೆಕ್ಕವನ್ನು ಹಾಕಬೇಕು. ಲಾಭವಿಲ್ಲವೆಂದು ಕಂಡರೆ ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಯಾಕಂದರೆ ಸಿಪ್ಪೆಯ ಬೆಂಕಿಯು ಕಲ್ಲಿದ್ದಲಿನ ಬೆಂಕಿಯಂತಲ್ಲ, ಮರುವರ್ಷದ ಕಬ್ಬು ಆ ಹೊಗೆಯನ್ನು ಮರಳಿ ಕುಡಿಯುವದು. ಕಲ್ಲಿದ್ದಲು ಉರಿಯುವ ಬಾಯ್ಲರುಗಳಿಗೆ ಈ ವಿದ್ಯೆಯು ಮೊದಲು ಸಲ್ಲಬೇಕಾದದ್ದು ನ್ಯಾಯ.

ನಾಲ್ಕನೆಯ ಅಡ್ಡಿಯಾದ ಕೈಯ ಹದವನ್ನು ನಾನು ಕೊನೆಗೆ ಇಟ್ಟಿದ್ದೇನೆ. ಯಾಕಂದರೆ ಅದು ಅಡ್ಡಿಯೇ ಅಲ್ಲ, ಆಸ್ತಿ. ಸಕ್ಕರೆಯ ಕಾರಖಾನೆಗಳು ಹೆಚ್ಚಿದಂತೆ ನಮ್ಮಲ್ಲಿ ಗಾಣದ ಮನೆಗಳು ಕಡಿಮೆಯಾಗುತ್ತ ಬಂದಿವೆ, ಹದವನ್ನರಿತವರು ಮುದುಕರಾಗುತ್ತಿದ್ದಾರೆ, ಅವರ ಮಕ್ಕಳು ಹೊಗೆಯ ಮುಂದೆ ಕುಳಿತುಕೊಳ್ಳಲು ಒಪ್ಪುವದಿಲ್ಲ, ಒಪ್ಪಬೇಕೆಂದು ಹೇಳುವ ಅಧಿಕಾರವು ನಮಗೂ ಇಲ್ಲ. ಒಲೆಯು ಬದಲಾಗದಿದ್ದರೆ ವಿದ್ಯೆಯು ಹೊಗೆಯೊಡನೆ ಹಾರಿಹೋಗುವದು. ಹೊಗೆಯನ್ನು ಬಿಡಿಸಿ ಹದವನ್ನು ಉಳಿಸುವ ಒಲೆಯನ್ನು ಕಟ್ಟಿಕೊಟ್ಟರೆ, ಮಕ್ಕಳು ಮರಳಿ ಬಂದಾರು.

ಚಲನೆಯ ಕೆಲಸದಲ್ಲಿ ನಮ್ಮ ಜಿಲ್ಲೆಯು ದೇಶಕ್ಕೆ ಗಾಣವನ್ನು ಕಟ್ಟಿದ ಗಂಡಾಳನ್ನು ಕೊಟ್ಟಿದೆ. ಶಾಖದ ಕೆಲಸದಲ್ಲಿಯೂ ಅಂಥವರು ಹುಟ್ಟಬಾರದೆಂದಿಲ್ಲ. ನಮ್ಮ ತಾಂತ್ರಿಕ ಶಾಲೆಗಳ ಹುಡುಗರು ದೂರದ ನಗರಗಳ ಪ್ರಶ್ನೆಗಳನ್ನು ಬಿಡಿಸುವ ಮೊದಲು, ತಮ್ಮೂರಿನ ಗಾಣದ ಮನೆಗೆ ಒಂದು ಸಾರೆ ಹೋಗಿ, ಎಷ್ಟು ಹಾಲು ಕುದಿಯಿತು, ಎಷ್ಟು ಸಿಪ್ಪೆ ಉರಿಯಿತು, ಎಷ್ಟು ಬೆಲ್ಲ ಇಳಿಯಿತು ಎಂದು ತೂಗಿ ಬರೆದುಕೊಂಡು ಬರಲಿ. ಉಳಿದ ಕಾರ್ಯವೆಲ್ಲ ಆ ತೂಕದ ಚೀಟಿಯಿಂದಲೇ ಮೊದಲಾಗತಕ್ಕದ್ದು.